ಬೈರಯ್ಯನ ವಠಾರದ ಮುಂದಿನ ಮನೆ

ಮದುವೆಯಾದಾಗಿನಿಂದ ವರಲಕ್ಷ್ಮಿ ಬಾಡಿಗೆ ಮನೆಗಳಲ್ಲೇ ಬಾಳಿದವಳು. ಸುಂಕದಕಟ್ಟೆ, ನಾಗರಬಾವಿ, ಕೆಂಗೇರಿ ಉಪನಗರ ಎಂದು ಸಾಮಾನು ಕಟ್ಟಿ ಬಿಚ್ಚಿ, ಕಟ್ಟಿ ಬಿಚ್ಚಿ, ಯಾವ ಡಬ್ಬ ಯಾವ ಮೂಟೆಯಲ್ಲಿದೆ ಎಂಬುದು ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತಾಗುತ್ತಿತ್ತು. ಒಂದು ಮನೆಯಲ್ಲಿ ಮೀನು ಹುರಿದ ವಾಸನೆ ಮಹಡಿಗೆ ಬಂತೆಂದು ಖಾಲಿ ಮಾಡಿಸಿದರು. ಇನ್ನೊಂದರಲ್ಲಿ ಮಗಳು ಸ್ಪಂದನ ಗಟ್ಟಿಯಾಗಿ ಓದುತ್ತಾಳೆಂದು ಓನರಮ್ಮ ವಾರಗಟ್ಟಲೆ ಮುಖ ಊದಿಸಿಕೊಂಡಿದ್ದಳು. ಗಂಡ ಅರುಣ ಲೇತ್ ಮೆಷಿನ್ನಿನ ಕೆಲಸಗಾರ, ಮಾತು ಕಡಿಮೆ. ಮನೆ ಬಿಡಿ ಎಂದಾಗಲೆಲ್ಲ ಅವನು ತಲೆ ಕೆರೆದುಕೊಂಡು, "ಸರಿ, ಹುಡುಕೋಣ ಬಿಡು" ಎನ್ನುತ್ತಿದ್ದ. ಹುಡುಕುವ ಕೆಲಸ ವರಲಕ್ಷ್ಮಿಯದು.

ಅವಳು ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಗೆ ದಾರ ಕತ್ತರಿಸುವ ಹೆಲ್ಪರ್ ಆಗಿ ಸೇರಿದವಳು. ಈಗ ಅಲ್ಲೇ ಒಂದಿಡೀ ಲೈನಿಗೆ ಸೂಪರ್‌ವೈಸರ್. ಅವಳ ಕೈಕೆಳಗಿನ ಹೆಂಗಸರಲ್ಲಿ ಜಗಳ ಎದ್ದರೆ ಅವಳು ಕೂಗಾಡುವುದಿಲ್ಲ. ಇಬ್ಬರನ್ನೂ ಬೇರೆ ಬೇರೆಯಾಗಿ ಕರೆದು, "ನಿಂಗೇನು ಬೇಕು ಹೇಳು" ಎಂದು ಕೇಳುತ್ತಾಳೆ. ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ಜಗಳ ಬಿಡಿಸುವವಳು ಎಂಬ ಹೆಸರು ಅವಳಿಗೆ ಕಾರ್ಖಾನೆಯಲ್ಲಿ ಇತ್ತು. ತವರಿನಲ್ಲಿ ಮಾತ್ರ ಅವಳು ಇನ್ನೂ ಲಂಗದ ಹುಡುಗಿ ವರಲುವೇ ಆಗಿದ್ದಳು.

ಅವಳ ಅಪ್ಪ ಬೈರಯ್ಯ ಗಾರೆ ಕೆಲಸದವನು. ರಾಜಾಜಿನಗರದ ಎಷ್ಟೋ ಮನೆಗಳ ಗೋಡೆಗಳು ಅವನ ಕರಣೆಯ ಕೆಳಗೆ ಎದ್ದಿದ್ದವು. ಊರವರ ಮನೆಯನ್ನೆಲ್ಲ ಕಟ್ಟಿ, ಕಡೆಗೆ ಕುರುಬರಹಳ್ಳಿಯಲ್ಲಿ ಒಂದು ಸೈಟು ಕೊಂಡು ತನ್ನದೂ ಎಂದು ನಾಲ್ಕು ಮನೆಯ ವಠಾರ ಕಟ್ಟಿದ. ರಸ್ತೆಯ ಕಡೆಗೆ ಜಗಲಿ ಇರುವ ದೊಡ್ಡ ಮುಂದಿನ ಮನೆ. ಪಕ್ಕದ ಓಣಿಯಲ್ಲಿ ಒಳಗೆ ಹೋದರೆ ಸಾಲಾಗಿ ಮೂರು ಪುಟ್ಟ ಮನೆಗಳು. ಆಗ ಹೈಸ್ಕೂಲಿಗೆ ಹೋಗುತ್ತಿದ್ದ ವರಲಕ್ಷ್ಮಿ ಭಾನುವಾರಗಳಲ್ಲಿ ಇಟ್ಟಿಗೆ ನೆನೆಸುತ್ತಿದ್ದಳು, ಗೋಡೆಗೆ ನೀರು ಹೊಡೆಯುತ್ತಿದ್ದಳು. ಬೈರಯ್ಯ ಸಾಯುವ ಮುಂಚೆ ವಿಲ್ ರಿಜಿಸ್ಟರ್ ಮಾಡಿಸಿದ್ದ. ಕಾಮಾಕ್ಷಿಪಾಳ್ಯದ ವಾಸದ ಮನೆ ಮಗ ಕಿಟ್ಟಿಗೆ, ವಠಾರ ಮಗಳು ವರಲಕ್ಷ್ಮಿಗೆ. "ಇಟ್ಟಿಗೆ ನೆನೆಸಿದೋಳು ಅವಳು ಕಣೋ" ಎಂದು ಕಿಟ್ಟಿಗೆ ಹೇಳಿದ್ದನಂತೆ. ಕಿಟ್ಟಿಯೂ ಎದುರು ಮಾತಾಡಿರಲಿಲ್ಲ.

ಆದರೆ ಖಾತೆ ತನ್ನ ಹೆಸರಿಗಾದ ಮಾತ್ರಕ್ಕೆ ಯಾರೂ ಓನರ್ ಆಗುವುದಿಲ್ಲ ಎಂಬುದು ಅವಳಿಗೆ ಮೊದಲ ಭೇಟಿಯಲ್ಲೇ ತಿಳಿಯಿತು.

ಮುಂದಿನ ಮನೆಯಲ್ಲಿ ಇದ್ದವರು ಸೇತುರಾಮರು. ಹೊಸದಾಗಿ ಮದುವೆಯಾಗಿ ಬಂದು ಆ ಮನೆ ಸೇರಿದವರು ಮೂವತ್ತು ವರ್ಷ ಅಲ್ಲೇ ಬೇರೂರಿದ್ದರು. ಕಾರ್ಖಾನೆಯೊಂದರಲ್ಲಿ ಆಫೀಸು ಕೆಲಸ ಮಾಡಿ ನಿವೃತ್ತರಾಗಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಗ ಅನಿಕೇತ್ ಹೆಂಡತಿ ಮಗುವಿನೊಂದಿಗೆ ಬೇರೆ ಕಡೆ ಇದ್ದ. ಬೈರಯ್ಯನಿಗೆ ಓದು ಬರಹ ಅಷ್ಟಕ್ಕಷ್ಟೆ. ಕಂದಾಯ ಕಟ್ಟುವುದು, ಕರೆಂಟಿನವರಿಗೆ ಅರ್ಜಿ ಬರೆಯುವುದು, ನೀರಿನ ಆಫೀಸಿಗೆ ಅಲೆಯುವುದು ಎಲ್ಲ ಸೇತುರಾಮರೇ. ಹಾಗೆ ಮಾಡುತ್ತ ಮಾಡುತ್ತ ವಠಾರದ ಯಜಮಾನಿಕೆಯೂ ಅವರ ಕೈಗೆ ಬಂದಿತ್ತು. ಮೋಟರಿನ ಸ್ವಿಚ್ ಅವರ ಮನೆಯೊಳಗೆ. ಗೇಟಿನ ಬೀಗದ ಕೈ ಅವರ ಜನಿವಾರಕ್ಕೆ ಕಟ್ಟಿರುತ್ತಿತ್ತು. ಹಿಂದಿನ ಮನೆಗಳಲ್ಲಿ ಬಲ್ಬು ಮಿಣುಕಿದರೂ ಅವರನ್ನೇ ಕೇಳಬೇಕು.

"ಬಾಮ್ಮ ವರಲು" ಎಂದು ಅವರು ಅವಳನ್ನು ಜಗಲಿಯ ಮೇಲೆ ಕೂರಿಸಿ, ಒಳಗಿನಿಂದ ಕಾಫಿ ತಂದುಕೊಟ್ಟರು. ಅವಳ ಸ್ವಂತ ಮನೆಯ ಜಗಲಿ. "ನಿಮ್ಮಪ್ಪ ಇಲ್ಲ ಅಂತ ನೀನೇನೂ ತಲೆ ಕೆಡಿಸ್ಕೋಬೇಡ. ಎಲ್ಲಾ ನಾನು ನೋಡ್ಕೋತೀನಿ. ನೀನು ಕೆಂಗೇರಿಯಿಂದ ಇಷ್ಟು ದೂರ ಬರೋದೇ ಬೇಡ."

ವರಲಕ್ಷ್ಮಿಗೆ ನಗು ಬಂತು. ಸ್ವಲ್ಪ ಹಾಯೆನಿಸಿತು ಕೂಡ. ಕಾರ್ಖಾನೆ, ಮನೆ, ಮಗಳ ಕಾಲೇಜು ಎಂಬ ಓಟದಲ್ಲಿ ನೀರು ಬಿಡುವ ರಗಳೆ ಒಂದು ತಪ್ಪಿತಲ್ಲ ಎಂದು ಸುಮ್ಮನಾದಳು.

ಸುಮ್ಮನಿರಲು ಆಗದ ದಿನ ಕಳೆದ ವರ್ಷ ಬಂತು. ಕೆಂಗೇರಿಯ ಓನರು ಮಗನ ಮದುವೆ ಗೊತ್ತಾಗಿದೆ, ಮನೆ ಬೇಕು ಎಂದರು. ಈ ಸಲ ಅರುಣ "ಹುಡುಕೋಣ ಬಿಡು" ಎನ್ನಲಿಲ್ಲ. ಊಟದ ತಟ್ಟೆಯ ಮುಂದೆ ಕೂತು, "ನಾಲ್ಕು ಮನೆ ಓನರು ನೀನು. ನಾವ್ಯಾಕೆ ಇನ್ನೊಬ್ಬರ ಮನೆ ಹುಡುಕ್ಬೇಕು?" ಎಂದ. ಸ್ಪಂದನಳೂ ಪುಸ್ತಕದಿಂದ ತಲೆಯೆತ್ತಿ ಅಮ್ಮನನ್ನೇ ನೋಡಿದಳು. ಆ ನೋಟ ವರಲಕ್ಷ್ಮಿಗೆ ನಾಟಿತು. ಮಾರನೆಯ ಭಾನುವಾರವೇ ಕುರುಬರಹಳ್ಳಿಗೆ ಹೊರಟಳು.

ಸೇತುರಾಮರು ಮಾತು ಪೂರ್ತಿ ಕೇಳಿದರು. ಸಿಟ್ಟಾಗಲಿಲ್ಲ. ಪಂಚೆಯ ಅಂಚನ್ನು ಸರಿಮಾಡಿಕೊಂಡು, ಮಗುವಿಗೆ ಲೆಕ್ಕ ಹೇಳಿಕೊಡುವವರ ಹಾಗೆ ಹೇಳಿದರು:

"ನೋಡಮ್ಮ, ಮೂವತ್ತು ವರ್ಷ ಆಯ್ತು. ಈ ವಯಸ್ಸಲ್ಲಿ ನನ್ನ ಎದ್ದೇಳು ಅಂದ್ರೆ ಎಲ್ಲಿಗೆ ಹೋಗ್ಲಿ? ಮೂವತ್ತು ವರ್ಷ ಇದ್ದೋನನ್ನ ಕೋರ್ಟೂ ಎಬ್ಬಿಸಲ್ಲ, ಅದು ಬೇರೆ ಮಾತು. ನಿಂಗೆ ಮನೆ ಬೇಕೇ ಬೇಕು ಅಂದ್ರೆ ಹಿಂದಗಡೆದು ಯಾವ್ದಾದ್ರೂ ಬಿಡಿಸ್ಕೋ. ರಾಮಕ್ಕ ಒಬ್ಬಳೇ ತಾನೇ ಇರೋದು? ಅವಳಿಗೆ ಎಲ್ಲಾದ್ರೂ ಒಂದು ರೂಮು ಸಾಕು."

ರಾಮಕ್ಕ ಹಿಂದಿನ ಮೊದಲ ಮನೆಯವಳು. ಮದುವೆ ಛತ್ರಗಳಿಗೆ ಒಬ್ಬಟ್ಟು, ಚಪಾತಿ ಮಾಡಿಕೊಟ್ಟು ಜೀವನ ನಡೆಸುವವಳು. ಓಣಿಯಲ್ಲಿ ಈ ಮಾತು ಅವಳ ಕಿವಿಗೆ ಬಿದ್ದೇ ಇತ್ತು. ವರಲಕ್ಷ್ಮಿ ಒಳಗೆ ಹೋದಾಗ ಅವಳು ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು.

"ನಾ ಬಿಡ್ತೀನಿ ಕಣವ್ವ. ನಿಮ್ಮಪ್ಪ ನನ್ ಗಂಡ ಸತ್ತಾಗ ಎರಡು ವರ್ಷ ಬಾಡಿಗೆ ಅನ್ನೋ ಮಾತೇ ಎತ್ತಿರಲಿಲ್ಲ. ಆ ಪುಣ್ಯಾತ್ಮನ ಮಗಳಿಗೆ ಇಲ್ಲ ಅಂತೀನಾ? ಒಂದು ತಿಂಗಳು ಟೈಮು ಕೊಡು, ಸಾಕು."

ಹೇಳುತ್ತ ಹೇಳುತ್ತ ಅವಳು ಮನೆಯ ಸುತ್ತ ಕಣ್ಣಾಡಿಸಿದಳು. ಮೂಲೆಯಲ್ಲಿ ಗ್ಯಾಸಿನ ದೊಡ್ಡ ಒಲೆ, ಗೋಡೆಗೆ ಒರಗಿಸಿದ ಕಾವಲಿಗಳು, ಛತ್ರದವರು ಬಂದು ಒಯ್ಯಲು ಸಾಲಾಗಿ ಇಟ್ಟ ಬುಟ್ಟಿಗಳು. ಆ ಒಲೆಗೆ ಒಪ್ಪುವ ಓನರು ಈ ಬೆಂಗಳೂರಿನಲ್ಲಿ ಇನ್ನೊಬ್ಬ ಸಿಗುವುದಿಲ್ಲ ಎಂಬುದು ಬಾಡಿಗೆದಾರಳಾಗಿ ವರಲಕ್ಷ್ಮಿಗೆ ಚೆನ್ನಾಗಿ ಗೊತ್ತಿತ್ತು.

ಸಂಜೆ ಕಿಟ್ಟಿ ಫೋನಿನಲ್ಲಿ, "ಅಕ್ಕಾ, ಒಪ್ಕೊಂಡುಬಿಡು. ತಾನಾಗೇ ಹೋಗ್ತೀನಿ ಅಂತವ್ಳೆ. ಆ ಸೇತು ಮಾಮನ ತಂಟೆಗೆ ಹೋದ್ರೆ ಹತ್ತು ವರ್ಷ ಕೋರ್ಟು ಅಲೀತೀಯ" ಎಂದ.

"ಬಗ್ಗೋರ ಬೆನ್ನ ಮೇಲೇ ಕಾಲಿಡು ಅಂತೀಯಲ್ಲೋ" ಎಂದಳು ವರಲಕ್ಷ್ಮಿ. "ನನಗೆ ಬೇಕಾಗಿರೋದು ಮುಂದಿನ ಮನೆ. ಅಪ್ಪ ಅದನ್ನ ಓನರು ಇರೋಕೆ ಅಂತಾನೇ ಕಟ್ಟಿದ್ದು. ರಾಮಕ್ಕನ್ನ ಎಬ್ಬಿಸಲ್ಲ."

ಹೇಳಿದ್ದೇನೋ ಹೇಳಿದಳು, ದಾರಿ ಕಾಣಲಿಲ್ಲ. ರಾಜಾಜಿನಗರದ ಒಬ್ಬ ವಕೀಲರನ್ನು ಕಂಡಳು. ಎಷ್ಟೇ ವರ್ಷ ಇದ್ದರೂ ಬಾಡಿಗೆ ಕೊಟ್ಟು ಇರುವವರು ಬಾಡಿಗೆದಾರರೇ, ಕಾನೂನಿಗೆ ನೀವು ಹೆದರಬೇಕಾಗಿಲ್ಲ, ಆದರೆ ಕೇಸು ನಡೆದರೆ ಕಾಲ ಹಿಡಿಯುತ್ತದೆ ಎಂದು ಅವರು ಹೇಳಿದರು. ಕಾಲವೇ ಅವಳ ಹತ್ತಿರ ಇರಲಿಲ್ಲ. ಕೆಂಗೇರಿಯ ಮನೆಯಲ್ಲಿ ಮದುವೆಯ ಸುಣ್ಣಬಣ್ಣ ಶುರುವಾಗುವುದರಲ್ಲಿತ್ತು. ಸದ್ಯಕ್ಕೆ ಇನ್ನೊಂದು ಬಾಡಿಗೆ ಮನೆಯೇ ಗತಿ ಎಂದುಕೊಂಡು ಮತ್ತೆ ಬ್ರೋಕರ್‌ಗಳಿಗೆ ಫೋನು ಮಾಡತೊಡಗಿದಳು.

ಹೀಗೆ ಹುಡುಕುವಾಗಲೇ ಒಬ್ಬ ಬ್ರೋಕರ್ ಹುಡುಗ ಅವಳನ್ನು ಜ್ಞಾನಭಾರತಿ ಕಡೆಯ ಒಂದು ಬಡಾವಣೆಗೆ ಕರೆದೊಯ್ದ. ಮನೆ ಅಚ್ಚುಕಟ್ಟಾಗಿತ್ತು. ಕೆಳಗೆ ಒಂದು, ಮೇಲೆ ಒಂದು. ಕೆಳಗಿನದು ಖಾಲಿ. ಮುಂದೆ ನಾಲ್ಕು ಹೆಜ್ಜೆ ಜಾಗ, ಅಲ್ಲೊಂದು ಕರಿಬೇವಿನ ಗಿಡ. ಅಡುಗೆಮನೆಯ ಕಿಟಕಿಯಿಂದ ಒಳ್ಳೆಯ ಬೆಳಕು.

"ಸೂಪರ್ ಮನೆ ಆಂಟಿ" ಎಂದ ಬ್ರೋಕರ್. "ಮೇಲ್ಗಡೆ ಓನರ್ ಮಗ ಸೊಸೆ ಇದಾರೆ, ಡೀಸೆಂಟು. ಓನರ್ ಇಲ್ಲಿರಲ್ಲ. ಕುರುಬರಹಳ್ಳೀಲಿ ಅವರದ್ದೇ ವಠಾರ ಇದೆ, ನಾಲ್ಕು ಮನೆ. ಅಲ್ಲೇ ಇರ್ತಾರೆ. ಈಗ ಬರ್ತಾ ಇದಾರೆ ನೋಡಿ, ನೀವೇ ಮಾತಾಡಿ."

ಕುರುಬರಹಳ್ಳಿ, ವಠಾರ, ನಾಲ್ಕು ಮನೆ. ವರಲಕ್ಷ್ಮಿ ಓನರ ಹೆಸರು ಕೇಳಬೇಕೆಂದು ತಿರುಗಿದಳು. ಅಷ್ಟರಲ್ಲಿ ಗೇಟಿನ ಹೊರಗೆ ಸ್ಕೂಟರ್ ನಿಂತ ಸದ್ದಾಯಿತು. ಹೆಲ್ಮೆಟ್ ತೆಗೆಯುತ್ತ, ತಲೆ ತಗ್ಗಿಸಿಕೊಂಡೇ ಒಳಗೆ ಬಂದವರು ಬ್ರೋಕರಿಗೆ ಹೇಳುತ್ತಿದ್ದರು:

"ಪಾರ್ಟಿ ಯಾರಪ್ಪಾ? ಮೊದಲೇ ಹೇಳಿದೀನಿ, ಹನ್ನೊಂದು ತಿಂಗಳ ಅಗ್ರಿಮೆಂಟು. ಎರಡು ಮೂರು ವರ್ಷಕ್ಕಿಂತ ಜಾಸ್ತಿ ಯಾರನ್ನೂ ಇಟ್ಕೊಳಲ್ಲ. ಬೇರು ಬಿಟ್ಟುಬಿಡ್ತಾರೆ, ಆಮೇಲೆ ಎಬ್ಬಿಸೋದು ಕಷ್ಟ."

ತಲೆಯೆತ್ತಿದರು. ಸೇತುರಾಮರು.

ವರಲಕ್ಷ್ಮಿಯ ಬಾಯಿಗೆ ಬಂದ ಮಾತುಗಳು ಒಂದೆರಡಲ್ಲ. ಈ ಮನೆ ಇಟ್ಟುಕೊಂಡು, "ಎಲ್ಲಿಗೆ ಹೋಗ್ಲಿ" ಎಂದು ಕೇಳಿದ್ದರು. ಅವಳಪ್ಪ ಕಟ್ಟಿದ ವಠಾರವನ್ನು ತಮ್ಮದೆಂದು ಊರಿಗೆಲ್ಲ ಹೇಳಿಕೊಂಡಿದ್ದರು. ಅವರ ಮುಖ ಆಗ ಸುಣ್ಣದ ಗೋಡೆಯಂತಾಗಿತ್ತು. ಕೈಯಲ್ಲಿದ್ದ ಬೀಗದ ಕೈ ಗೊಂಚಲನ್ನು ಜೇಬಿಗೆ ಹಾಕಿಕೊಂಡರು. ಬ್ರೋಕರ್ ಹುಡುಗ ಇಬ್ಬರನ್ನೂ ನೋಡುತ್ತಿದ್ದ. ಮೇಲಿನಿಂದ ಸೊಸೆ ಬಗ್ಗಿ ನೋಡುತ್ತಿದ್ದಳು.

"ನಮಸ್ಕಾರ ಸೇತು ಮಾಮ" ಎಂದಳು ವರಲಕ್ಷ್ಮಿ. "ಮನೆ ತುಂಬಾ ಚೆನ್ನಾಗಿದೆ. ಅಡುಗೆಮನೆಗೆ ಬೆಳಕು ಚೆನ್ನಾಗಿ ಬರುತ್ತೆ."

"ಪರಿಚಯಾನಾ ಆಂಟಿ?"

"ಹೂಂನಪ್ಪ. ಕುರುಬರಹಳ್ಳಿ ವಠಾರದಿಂದ ಪರಿಚಯ. ನಾನು ಮನೇಲಿ ಮಾತಾಡಿ ಹೇಳ್ತೀನಿ."

ಇಷ್ಟು ಹೇಳಿ ಹೊರಗೆ ಬಂದವಳು ಬಸ್ ಸ್ಟಾಪಿನವರೆಗೂ ಹಿಂದಿರುಗಿ ನೋಡಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ಸಿಟ್ಟು ಉಕ್ಕಿತು. ಅದರ ಜೊತೆಗೇ, ಸೊಸೆಯ ಮುಂದೆ ಒಬ್ಬ ಹಿರಿಯರ ಮಾನ ತೆಗೆಯದೆ ಬಂದೆನಲ್ಲ ಎಂಬ ಸಮಾಧಾನವೂ ಇತ್ತು.

ಸುದ್ದಿ ಕೇಳಿ ಕಿಟ್ಟಿ ಕುಣಿದಾಡಿದ. "ಸಿಕ್ಕಿಬಿದ್ದ ನೋಡು! ಅಕ್ಕಾ, ಆ ಮನೆ ಫೋಟೋ ತೆಗೆದು ವಠಾರದ ಗೇಟಿಗೆ ಅಂಟಿಸ್ತೀನಿ. ಏರಿಯಾದಲ್ಲಿ ತಲೆ ಎತ್ತಿ ಓಡಾಡಬಾರದು ಅವನು."

"ಅಂಟಿಸಿದ್ರೆ ನಿಂಗೆ ಖುಷಿ ಆಗುತ್ತೆ, ನಂಗೆ ಮನೆ ಸಿಗಲ್ಲ" ಎಂದಳು ಅವಳು. "ಮರ್ಯಾದೆ ಕಳ್ಕೊಂಡೋರು ಹಟಕ್ಕೆ ಬೀಳ್ತಾರೆ. ನಮ್ಮ ಲೈನಲ್ಲಿ ದಿನಾ ನೋಡ್ತೀನಿ ನಾನು."

ಆದರೆ ಸೇತುರಾಮರು ಆಗಲೇ ಹಟಕ್ಕೆ ಬಿದ್ದಾಗಿತ್ತು. ಮುಂದಿನ ಭಾನುವಾರ ಬೆಳಿಗ್ಗೆ ರಾಮಕ್ಕನ ಫೋನು ಬಂತು. "ವರಲು, ಒಂದ್ಸಲ ಬಂದು ಹೋಗು ತಾಯಿ. ಮಾಮ ಎಲ್ಲರನ್ನೂ ಸೇರಿಸವ್ರೆ. ನೀನು ವಠಾರ ಬಿಲ್ಡರಿಗೆ ಕೊಡ್ತೀಯಂತೆ? ಎಲ್ಲರನ್ನೂ ಬೀದಿಗೆ ಹಾಕ್ತೀಯಂತೆ? ಯಾರೂ ಮನೆ ಬಿಡಬೇಡಿ, ಒಟ್ಟಿಗೆ ಕೇಸು ಹಾಕೋಣ ಅಂತವ್ರೆ."

ವರಲಕ್ಷ್ಮಿ ಅರುಣನ ಬೈಕ್ ಹತ್ತಿದಳು. ವಠಾರ ತಲುಪಿದಾಗ ಜಗಲಿಯ ಮೇಲೆ ಸೇತುರಾಮರು ಕುರ್ಚಿಯಲ್ಲಿ ಕೂತಿದ್ದರು. ಕೆಳಗೆ ರಾಮಕ್ಕ, ಮಧ್ಯದ ಮನೆಯ ಟೈಲರ್ ದಂಪತಿ, ಕೊನೆಯ ಮನೆಯ ಭಾಗವ್ವ ನಿಂತಿದ್ದರು. ಭಾಗವ್ವ ಗದಗದ ಕಡೆಯವಳು. ಗಂಡ ಲಾರಿ ಡ್ರೈವರ್, ತಿಂಗಳಲ್ಲಿ ಹದಿನೈದು ದಿನ ಊರಲ್ಲಿರುವುದಿಲ್ಲ. ಕಂಕುಳಲ್ಲಿ ಮಗು ಎತ್ತಿಕೊಂಡು ಅವಳೇ ಮೊದಲು ಮುಂದೆ ಬಂದಳು.

"ಯಕ್ಕಾ, ಖರೇನ ಹೇಳ್ರಿ. ಮನಿ ಮಾರ್ತೀರಂತ? ಸಣ್ಣ ಹುಡುಗ್ರನ್ನ ಕಟಗೊಂಡು ನಾವು ಎಲ್ಲಿಗೆ ಹೋಗೂಣ್ರಿ?"

"ಯಾರು ಹೇಳಿದ್ರು ನಿಂಗೆ?"

ಎಲ್ಲರ ಕಣ್ಣೂ ಜಗಲಿಯ ಕಡೆ ಹೋಯಿತು. ಸೇತುರಾಮರು ಗಂಟಲು ಸರಿಮಾಡಿಕೊಂಡರು. "ನಾನು ಹೇಳಿದ್ದು. ಇವತ್ತು ನನ್ನ ಎಬ್ಬಿಸ್ತಾಳೆ, ನಾಳೆ ನಿಮ್ಮನ್ನ. ಈ ವಠಾರಕ್ಕೆ ಕಾವೇರಿ ನೀರು ತಂದೋನು ನಾನು. ಆಫೀಸಿಗೆ ಎಷ್ಟು ಸಲ ಅಲೆದಿದೀನಿ ಅಂತ ಬೈರಯ್ಯನಿಗೆ ಗೊತ್ತಿತ್ತು."

"ಅದು ನಿಜ" ಎಂದಳು ವರಲಕ್ಷ್ಮಿ.

ಸೇತುರಾಮರು ಎದುರು ಮಾತಿಗೆ ತಯಾರಾಗಿ ಕೂತಿದ್ದವರು. ಈ ಎರಡು ಪದ ಕೇಳಿ ಕುರ್ಚಿಗೆ ಒರಗಿಕೊಂಡರು.

ವರಲಕ್ಷ್ಮಿ ಜಗಲಿ ಹತ್ತಲಿಲ್ಲ. ಕೆಳಗೆ, ಅವರೆಲ್ಲರ ನಡುವೆಯೇ ನಿಂತು ಮಾತಾಡಿದಳು.

"ಕೇಳಿ. ನಾನು ಹುಟ್ಟಾ ಓನರ್ ಅಲ್ಲ. ಇಪ್ಪತ್ತೈದು ವರ್ಷದಿಂದ ಬಾಡಿಗೆ ಮನೇಲಿ ಇರೋಳು. ಮನೆ ಬಿಡಿ ಅಂತ ಓನರ್ ಬಾಗಿಲು ತಟ್ಟಿದಾಗ ಹೇಗಾಗುತ್ತೆ ಅಂತ ನಿಮಗಿಂತ ಚೆನ್ನಾಗಿ ನಂಗೊತ್ತು. ವಠಾರ ಮಾರಲ್ಲ. ಬಿಲ್ಡರ್ ಇಲ್ಲ, ಯಾರೂ ಇಲ್ಲ. ನಂಗೆ ಬೇಕಾಗಿರೋದು ಒಂದೇ ಮನೆ, ನನ್ನ ಸಂಸಾರಕ್ಕೆ. ಉಳಿದ ಮೂರು ಮನೇಲಿ ನೀವು ಇರ್ತೀರ. ಬಾಯಿ ಮಾತಿಗೆ ನಂಬಿ ಅಂತ ಹೇಳಲ್ಲ. ವಕೀಲರ ಹತ್ರ ಹೋಗಿ ಮೂರು ಮೂರು ವರ್ಷಕ್ಕೆ ಕರಾರು ಮಾಡಿಸೋಣ, ರಿಜಿಸ್ಟರ್ ಮಾಡಿಸೋಣ. ಅಷ್ಟರೊಳಗೆ ನಾನೇ ಬಂದು ಬಿಡಿ ಅಂದ್ರೂ ನೀವು ಬಿಡಬೇಕಾಗಿಲ್ಲ. ಧೈರ್ಯವಾಗಿ ಮಗೂನ ಇಲ್ಲೇ ಸ್ಕೂಲಿಗೆ ಸೇರಿಸಿ ಭಾಗವ್ವ."

ಈ ವಠಾರದಲ್ಲಿ ಅಲ್ಲಿಯವರೆಗೆ ಕರಾರು ಎಂಬುದೇ ಇರಲಿಲ್ಲ. ಕಾಗದ ಎಂದರೆ ಮನೆ ಬಿಡಿಸಲು ಬರುವ ನೋಟೀಸು ಎಂದೇ ಎಲ್ಲರೂ ತಿಳಿದಿದ್ದರು. ಮನೆ ಉಳಿಸಿಕೊಡುವ ಕಾಗದವೂ ಇರುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಟೈಲರ್ ಮೆಲ್ಲಗೆ, "ಅಕ್ಕ, ಮೂರು ವರ್ಷ ಆದ್ಮೇಲೆ?" ಎಂದ.

"ಆದ್ಮೇಲೆ ಕೂತು ಮಾತಾಡೋಣ. ನೀವು ಇರ್ತೀನಿ ಅಂದ್ರೆ ಇನ್ನೊಂದು ಮೂರು."

ಭಾಗವ್ವ ಮಗುವನ್ನು ಇನ್ನೊಂದು ಕಂಕುಳಿಗೆ ಬದಲಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು. "ಚಾ ಇಡ್ತೀನಿ ತಡೀರಿ" ಎಂದು ಒಳಗೆ ಹೋದಳು. ಅಲ್ಲಿಗೆ ಸಭೆ ಮುಗಿಯಿತು. ಜಗಲಿಯ ಮೇಲೆ ಸೇತುರಾಮರು ಒಬ್ಬರೇ ಉಳಿದರು.

ಅವಳು ಬಯಸಿದ್ದರೆ ಆಗ ಜ್ಞಾನಭಾರತಿಯ ಮನೆಯ ಮಾತು ಎತ್ತಬಹುದಿತ್ತು. ಅರುಣನೂ ಅದಕ್ಕೇ ಕಾಯುತ್ತಿದ್ದಂತೆ ಅವಳ ಮುಖ ನೋಡಿದ. ಅವಳು ಅವನಿಗೆ ಕಣ್ಣಿನಲ್ಲೇ ಬೇಡವೆಂದು ಸೂಚಿಸಿ, ಎಲ್ಲರೂ ಒಳಗೆ ಹೋದ ಮೇಲೆ ಸೇತುರಾಮರ ಹಿಂದೆ ಮನೆಯೊಳಗೆ ಹೋದಳು. ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಲೋಟ, ಒಂದು ತಟ್ಟೆ, ಪುಟ್ಟದೊಂದು ಕುಕ್ಕರ್. ಎಲ್ಲ ಉಜ್ಜಿ ಬೋರಲು ಹಾಕಿತ್ತು.

"ಮಾಮ, ಆ ದಿನ ಬ್ರೋಕರ್ ಹೇಳಿದ್ದನ್ನ ನಾನು ಇಲ್ಲಿ ಯಾರಿಗೂ ಹೇಳಿಲ್ಲ. ಹೇಳೋದೂ ಇಲ್ಲ" ಎಂದಳು. "ನಿಮಗೇನು ಬೇಕು, ಅದನ್ನ ಹೇಳಿ. ಬಾಡಿಗೆ ಉಳಿಸೋಕೆ ಇಲ್ಲಿದೀರಿ ಅಂತ ನಂಗೆ ಅನ್ಸಲ್ಲ."

ಸೇತುರಾಮರು ಕಟ್ಟೆಯ ಮೇಲಿನ ಲೋಟವನ್ನು ಎತ್ತಿ ಮತ್ತೆ ಬೋರಲು ಹಾಕಿದರು. ಆಮೇಲೆ ಅವರ ದನಿ ಬೇರೆಯಾಗಿತ್ತು.

"ಅಲ್ಲಿ ನಾನ್ಯಾರಮ್ಮ? ಅನಿಕೇತನ ಅಪ್ಪ. ಮೇಲಿನ ಮನೇಲಿ ನಂಗೆ ಅಂತ ಒಂದು ದಿವಾನ್ ಮಂಚ ಹಾಕಿದಾರೆ, ಹಾಲಲ್ಲಿ. ಟೀವಿ ಹಾಕ್ಬೇಕಾದ್ರೆ ಕೇಳಬೇಕು. ಹುರುಳಿ ಸಾರು ಬೇಕು ಅನ್ಸಿದ್ರೆ ಸೊಸೆ ಮುಖ ನೋಡ್ಬೇಕು. ಕೆಟ್ಟವಳೇನಲ್ಲ ಅವಳು. ಆದ್ರೂ... ಇಲ್ಲಿ ಬೆಳಿಗ್ಗೆ ಬಾಗಿಲು ತೆಗೆದ್ರೆ ನಾಲ್ಕು ಜನ ಸಾರ್ ನೀರು ಬಿಡಿ ಅಂತಾರೆ. ಯಾರಾದ್ರೂ ಓನರ್ ನೀವೇನಾ ಅಂತ ಕೇಳಿದಾಗ ಒಂದ್ಸಲ ಹೂಂ ಅಂದುಬಿಟ್ಟೆ. ಆಮೇಲೆ ಅದೇ ಅಭ್ಯಾಸ ಆಗೋಯ್ತು."

ವರಲಕ್ಷ್ಮಿಗೆ ಇಷ್ಟು ದಿನದ ಸಿಟ್ಟು ಪೂರ್ತಿ ಇಳಿಯಲಿಲ್ಲ. ಆದರೆ ನಡುಮನೆಯ ದಿವಾನ್ ಮಂಚದ ಮೇಲೆ ಮಲಗುವುದೆಂದರೆ ಏನೆಂದು ಅವಳಿಗೆ ಅರ್ಥವಾಯಿತು. ಇನ್ನೊಬ್ಬರ ಮನೆಯಲ್ಲಿ ಕೇಳಿ ಕೇಳಿ ಬದುಕಿದವಳಲ್ಲವೇ ಅವಳು.

"ಮೇಲಿನ ಮನೆ ಯಾಕೆ ಮಾಮ?" ಎಂದಳು. "ಕೆಳಗಿನದು ಖಾಲಿ ಇದೆಯಲ್ಲ. ನಾನೇ ನೋಡಿದೀನಲ್ಲ. ಬಾಗಿಲು ಬೇರೆ, ಅಡುಗೆಮನೆ ಬೇರೆ. ಬಾಡಿಗೆಗೆ ಕೊಡಬೇಡಿ, ನೀವೇ ಇರಿ. ಬೇಕಾದಾಗ ಹುರುಳಿ ಸಾರು ಮಾಡ್ಕೊಳಿ, ಬೇಕಾದಾಗ ಮೇಲೆ ಹೋಗಿ ಮೊಮ್ಮಗೂನ ಆಡಿಸಿ. ಅಲ್ಲಿ ನೀವು ಯಾರ ಅಪ್ಪನೂ ಅಲ್ಲ, ಓನರೇ. ಸುಳ್ಳು ಹೇಳೋದೂ ಬೇಡ."

ಸೇತುರಾಮರು ತಿರುಗಿ ಅವಳನ್ನು ದಿಟ್ಟಿಸಿದರು. ತಮ್ಮದೇ ಮನೆಯ ಕೆಳಗಿನ ಭಾಗ ತಮಗೇ ಇರಲಿ ಎಂಬ ಯೋಚನೆ ಇಷ್ಟು ವರ್ಷದಲ್ಲಿ ಅವರಿಗೆ ಹೊಳೆದೇ ಇರಲಿಲ್ಲ. ಅದರ ಬಾಡಿಗೆಯಲ್ಲೇ ಮನೆಯ ಸಾಲ ತೀರಿಸಿದ್ದು; ಸಾಲ ತೀರಿದ ಮೇಲೂ ಅಭ್ಯಾಸಬಲದಿಂದ ಬಾಡಿಗೆಗೆ ಕೊಡುತ್ತಲೇ ಬಂದಿದ್ದರು.

"ದಸರಾ ಕಳೀಲಿ" ಎಂದರು ಕೊನೆಗೆ. "ಈ ಮನೇಲಿ ನನ್ನ ಹೆಂಡ್ತಿ ಗೊಂಬೆ ಕೂರಿಸ್ತಿದ್ಳು. ಈ ವರ್ಷ ಒಂದ್ಸಲ ಕೂರಿಸಿ ಹೊರಡ್ತೀನಿ."

"ಕೂರಿಸಿ ಮಾಮ. ನಾನೂ ಬರ್ತೀನಿ."

ಕೆಂಗೇರಿಯ ಓನರ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಮಾಡಿ ವರಲಕ್ಷ್ಮಿ ದಸರೆಯವರೆಗೆ ಅಲ್ಲಿ ಉಳಿದಳು. ಆ ನಡುವೆ ಮೂರು ಮನೆಗಳ ಕರಾರೂ ಆಯಿತು. ರಾಮಕ್ಕ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ರೇಷ್ಮೆ ಸೀರೆ ಉಟ್ಟುಕೊಂಡು ಬಂದಿದ್ದಳು. "ನನ್ ಮದುವೆಗೂ ರಿಜಿಸ್ಟ್ರಿ ಆಗಿರಲಿಲ್ಲ ಕಣವ್ವ" ಎಂದು ಅವಳು ನಕ್ಕಾಗ ಗುಮಾಸ್ತೆಯೂ ನಕ್ಕುಬಿಟ್ಟ.

ವಿಜಯದಶಮಿ ಕಳೆದ ವಾರ ಸೇತುರಾಮರ ಸಾಮಾನು ಟೆಂಪೋ ಹತ್ತಿತು. ಹೊರಡುವ ಮುಂಚೆ ಅವರು ವರಲಕ್ಷ್ಮಿಯನ್ನು ವಠಾರದ ಸುತ್ತ ಕರೆದುಕೊಂಡು ಹೋಗಿ, ಪೈಪು ನೆಲದೊಳಗೆ ಯಾವ ಕಡೆ ಹೋಗಿದೆ, ಯಾವ ವಾಲ್ವು ಬಿಗಿ, ಮಳೆಗಾಲದಲ್ಲಿ ಯಾವ ಮೋರಿ ಕಟ್ಟಿಕೊಳ್ಳುತ್ತದೆ ಎಂದು ತೋರಿಸಿದರು. ಒಂದು ಕಡೆ ಬಗ್ಗಿದವರು ಏಳಲಾಗದೆ ಅವಳ ಭುಜ ಹಿಡಿದುಕೊಂಡರು. ರಾಮಕ್ಕ ಡಬ್ಬದ ತುಂಬ ಒಬ್ಬಟ್ಟು ಕಟ್ಟಿಕೊಟ್ಟಳು. ಅನಿಕೇತ್ ಬಂದು ಅಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡ. ಅವನಿಗೆ ಒಳಗಿನ ಕತೆ ಯಾವುದೂ ಗೊತ್ತಿರಲಿಲ್ಲ. "ಅಪ್ಪ ಕೊನೆಗೂ ಬರೋಕೆ ಒಪ್ಕೊಂಡ್ರು, ಥ್ಯಾಂಕ್ಸ್ ಅಕ್ಕ" ಎಂದ.

ಹಾಲುಕ್ಕಿಸುವ ದಿನ ವರಲಕ್ಷ್ಮಿ ತನ್ನ ಲೈನಿನ ಹೆಂಗಸರನ್ನೆಲ್ಲ ಕರೆದಿದ್ದಳು. ಕಿಟ್ಟಿ ಮಾವಿನ ತೋರಣ ಕಟ್ಟಿದ. ಕೆಂಪು ಗಾರೆಯ ನೆಲವನ್ನು ತಾಯಿ ಮಗಳು ಸೇರಿ ಉಜ್ಜಿ ಉಜ್ಜಿ ಅದರ ಹಳೆಯ ಹೊಳಪನ್ನು ಎಬ್ಬಿಸಿದ್ದರು. ಆ ನೆಲಕ್ಕೆ ಬೈರಯ್ಯ ಮೂರು ದಿನ ಮಂಡಿಯೂರಿ ಪಾಲಿಶ್ ಕೊಟ್ಟಿದ್ದು ವರಲಕ್ಷ್ಮಿಗೆ ನೆನಪಿತ್ತು. ಸ್ಪಂದನ ಅದರ ಮೇಲೆ ಬರಿಗಾಲಲ್ಲಿ ಆ ಗೋಡೆಯಿಂದ ಈ ಗೋಡೆಗೆ ಸುಮ್ಮನೆ ಓಡಾಡುತ್ತಿದ್ದಳು. ಜೋರಾಗಿ ಹೆಜ್ಜೆ ಹಾಕಿದರೆ ಬೈಯಲು ಕೆಳಗೆ ಯಾರೂ ಇರಲಿಲ್ಲ.

ಸೇತುರಾಮರೂ ಇಸ್ತ್ರಿ ಮಾಡಿದ ಶರ್ಟು ತೊಟ್ಟು ಬಂದು, ಬಾಗಿಲ ಹತ್ತಿರದ ಕುರ್ಚಿಯಲ್ಲಿ ಸಂಕೋಚದಿಂದ ಕೂತಿದ್ದರು. ಕಾರ್ಖಾನೆಯ ಹೆಂಗಸೊಬ್ಬಳು, "ಇವರು ಯಾರು ಮೇಡಂ, ನಿಮ್ಮ ಹಳೇ ಬಾಡಿಗೆಯೋರಾ?" ಎಂದು ಕೇಳಿಬಿಟ್ಟಳು. ಅವರ ಮುಖ ಸಣ್ಣದಾಯಿತು.

"ಇವರು ಸೇತು ಮಾಮ" ಎಂದಳು ವರಲಕ್ಷ್ಮಿ ಎಲ್ಲರಿಗೂ ಕೇಳುವಂತೆ. "ಈ ವಠಾರಕ್ಕೆ ಕಾವೇರಿ ನೀರು ತಂದೋರು. ನಮ್ಮಪ್ಪನ ಕಾಲದಿಂದ ಇದನ್ನ ಕಾಪಾಡಿಕೊಂಡು ಬಂದೋರು. ಈಗ ಜ್ಞಾನಭಾರತೀಲಿ ಸ್ವಂತ ಮನೇಲಿ ಇದಾರೆ."

ಅರುಣ ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನು ಕೇಳಿದ. ಅವಳು ಹಾಲಿನ ಪಾತ್ರೆ ನೋಡಲು ಒಳಗೆ ಬಂದಾಗ ಮೆಲ್ಲಗೆ, "ನಿಮ್ಮಪ್ಪ ಇರಬೇಕಿತ್ತು ಕಣೇ" ಎಂದ. ಮಾತು ಕಡಿಮೆಯ ಗಂಡ. ವರಲಕ್ಷ್ಮಿ ಕಣ್ಣು ಒರೆಸಿಕೊಳ್ಳಲಿಲ್ಲ. ಹೊಗೆಗೆ ಎಂದರೆ ನಂಬುವವರು ಯಾರು, ಒಲೆ ಗ್ಯಾಸಿನದು.

ಈಗ ವಠಾರದಲ್ಲಿ ನೀರಿಗೆ ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಮೋಟರಿನ ಸ್ವಿಚ್ಚನ್ನು ವರಲಕ್ಷ್ಮಿ ಓಣಿಯ ಗೋಡೆಗೆ ಹಾಕಿಸಿದ್ದಾಳೆ. ಯಾರಿಗೆ ಬೇಕೋ ಅವರು ಹಾಕಿಕೊಳ್ಳುತ್ತಾರೆ. ರಾಮಕ್ಕನ ಒಲೆಯ ಮೇಲೆ ಬಿಸಿ ಗಾಳಿ ಹೋಗಲು ಫ್ಯಾನು ಬಂದಿದೆ. ಭಾಗವ್ವನ ಮಗು ಹತ್ತಿರದ ಶಾಲೆಗೆ ಹೋಗುತ್ತದೆ. ಜಗಳಗಳು ಇಲ್ಲವೆಂದಲ್ಲ. ಬಟ್ಟೆ ಒಣಹಾಕುವ ತಂತಿಗೆ ವಾರಕ್ಕೊಂದು ಸಲ ಟೈಲರನ ಹೆಂಡತಿಗೂ ಭಾಗವ್ವನಿಗೂ ಮಾತಿಗೆ ಮಾತು ಬೆಳೆಯುತ್ತದೆ. ಸೇತುರಾಮರು ಅಪರೂಪಕ್ಕೆ ಕರಿಬೇವಿನ ಕಟ್ಟು ಹಿಡಿದು ಬರುತ್ತಾರೆ, ಮೋರಿ ನೋಡಿ, "ಕ್ಲೀನ್ ಮಾಡಿಸಿಲ್ವಾ?" ಎಂದು ಗದರುತ್ತಾರೆ. ವರಲಕ್ಷ್ಮಿ ಬೈಸಿಕೊಳ್ಳುತ್ತಾಳೆ.

ಮೊನ್ನೆ ಕಾರ್ಖಾನೆಯಲ್ಲಿ ಪಕ್ಕದ ಲೈನಿನ ಹೆಂಗಸೊಬ್ಬಳು ಊಟದ ಹೊತ್ತಿಗೆ ಅವಳನ್ನು ಹುಡುಕಿಕೊಂಡು ಬಂದಳು. ಮಾಗಡಿ ರಸ್ತೆ ಕಡೆಯ ಶ್ರೀಗಂಧದ ಕಾವಲಿನಲ್ಲಿ ಅತ್ತೆಯಿಂದ ಬಂದ ಮೂರು ಮನೆ, ಹಳೆಯ ಬಾಡಿಗೆದಾರರು, ಮಾತು ಕೇಳುವುದಿಲ್ಲ, ಕರೆಂಟು ತೆಗೆಸಿಬಿಡಲಾ ಎಂದು ಕೇಳಿದಳು. "ಕರೆಂಟು ಮುಟ್ಟಬೇಡ" ಎಂದಳು ವರಲಕ್ಷ್ಮಿ. "ಭಾನುವಾರ ನಾನೇ ಬರ್ತೀನಿ. ಅವರನ್ನ ಬೇರೆ ಬೇರೆಯಾಗಿ ಮಾತಾಡಿಸೋಣ."

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ, ಒಳ್ಳೆಯದೊಂದು ಸೀರೆ ಉಟ್ಟು ಅವಳು ಮಾಗಡಿ ರಸ್ತೆಯ ಬಸ್ಸು ಹಿಡಿಯಲು ಹೊರಟಾಗ, ಓಣಿಯಿಂದ ರಾಮಕ್ಕ ಕೂಗಿ ಕೇಳಿದಳು: "ಎಲ್ಲಿಗೆ ತಾಯಿ, ರಜಾ ದಿನವೂ?"

"ಕೆಲಸ ಇದೆ ರಾಮಕ್ಕ" ಎಂದಳು ವರಲಕ್ಷ್ಮಿ, ಬೀದಿಗಿಳಿದು ಬೇಗ ಬೇಗ ಹೆಜ್ಜೆ ಹಾಕುತ್ತ.